ಬಾಲದ ಹೆಣ್ಣು, ಬಿಳಿ ಕೈ

ಆ ಸಿನಿಮಾಕ್ಕೆ ನನ್ನನ್ನು ಎಳೆದುಕೊಂಡು ಹೋದವಳು ಅಕ್ಕನ ಮಗಳು. ಶಹಾಪುರದಲ್ಲಿ ಬಿ.ಎ. ಓದುತ್ತಾಳೆ. ಅವಳಿಗೆ ಇಂಗ್ಲಿಷ್ ಕಲಿಸುವ ಸರ್‌ಗೆ ದೂರದೇಶಗಳ ಸಿನಿಮಾ ಹುಚ್ಚು. ರಜೆಯ ದಿನ ಕಾಲೇಜಿನ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿ, ಬಂದವರಿಗೆಲ್ಲ ತೋರಿಸುತ್ತಾರೆ.

"ಚಿಗವ್ವಾ, ಈ ಸಲ ನೀ ಬರಲೇಬೇಕು," ಅಂದಳು.

"ಯಾಕ?"

"ನೋಡಿದ್ರ ಗೊತ್ತಾಗ್ತದ."

ಅವಳು ಬಾಯಿಬಿಟ್ಟು ಹೇಳದಿದ್ದರೂ ಕಾರಣ ನನಗೆ ಅರ್ಥವಾಗಿತ್ತು. ನನ್ನ ಮೈಮೇಲೆ ತೊನ್ನು ಇದೆ. ಪಿಯುಸಿ ಮುಗಿಸಿದ ವರ್ಷ ತುಟಿಯ ಅಂಚಿಗೆ ಜೋಳದ ಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಗಟ್ಟಿಯಾಗಿದ್ದ ಸಂಬಂಧವೊಂದು ಅದರಿಂದಲೇ ಮುರಿಯಿತು. ಅವ್ವ ಕೊಡೇಕಲ್ ದೇವರಿಗೆ ಹರಕೆ ಹೊತ್ತಳು. ಯಾರೋ ಕೊಟ್ಟ ಎಣ್ಣೆ ಹಚ್ಚಿದಳು. ಅದು ಚರ್ಮ ಸುಟ್ಟಿತೇ ಹೊರತು ಬಣ್ಣ ತರಲಿಲ್ಲ. ಕೊನೆಗೆ ದವಾಖಾನೆಯ ಡಾಕ್ಟರು, "ಬಣ್ಣ ಹೋಗ್ಯಾದ, ಅಷ್ಟ. ಇದು ಮತ್ತೊಬ್ಬರಿಗೆ ಹತ್ತೂದಲ್ಲ," ಅಂದರು. ಅವ್ವ ನಂಬಿದಳು. ಊರು ನಂಬಲಿಲ್ಲ. ಮಚ್ಚೆ ಕುತ್ತಿಗೆಗೆ ಇಳಿಯಿತು, ಆಮೇಲೆ ಎರಡೂ ಅಂಗೈಗಳ ಹಿಂಬದಿಗೆ.

ಇಷ್ಟರ ನಡುವೆ ನಾನು ಬಸ್ ಕಂಡಕ್ಟರ್ ಆದೆ. ಕಂಡಕ್ಟರ್ ಕೆಲಸವೆಲ್ಲ ಕೈಯದೇ. ಶಹಾಪುರದಿಂದ ಸುರಪುರ, ಸುರಪುರದಿಂದ ಕೆಂಭಾವಿ, ದಿನವಿಡೀ ಜನರ ಕೈಯಿಂದ ತೆಗೆದುಕೊಳ್ಳುವುದು, ಜನರ ಕೈಗೆ ಕೊಡುವುದು. ಹೆಂಗಸರು ಆಧಾರ್ ಕಾರ್ಡನ್ನು ತುದಿಯಲ್ಲಿ ಹಿಡಿದು ಚಾಚುತ್ತಿದ್ದರು, ಟಿಕೆಟನ್ನು ಎರಡು ಬೆರಳಲ್ಲಿ ಚಿವುಟಿಕೊಳ್ಳುತ್ತಿದ್ದರು. ಒಬ್ಬಾಕೆ ಟಿಕೆಟನ್ನು ಸೀಟಿನ ಮೇಲೆ ಇಡು ಎಂದು ಸನ್ನೆ ಮಾಡಿದ ಮೇಲೆ ನಾನು ಗ್ಲೌಸ್ ಕೊಂಡೆ. ಯಾದಗಿರಿ ಸೀಮೆಯ ಬಿಸಿಲಲ್ಲಿ, ಬಸ್ಸಿನ ತಗಡು ಕಾದು ಬೆಂಕಿಯಾಗಿರುವಾಗ, ಮೊಣಕೈವರೆಗೆ ಹತ್ತಿಯ ಗ್ಲೌಸ್. ಮುಖಕ್ಕೆ ಮೈಬಣ್ಣದ ಕ್ರೀಮು. ಹಾಗೆಯೇ ವರ್ಷಗಳು ಹೋದವು.

ಸಿನಿಮಾ ಹಿಮದ ಸೀಮೆಯದು. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಮೂಡುವುದೇ ಇಲ್ಲವಂತೆ. ಪರದೆಯ ಮೇಲೆ ಯಾವ ಹೊತ್ತೂ ಕತ್ತಲೆ. ಕಡಲ ದಂಡೆಯ ಊರಲ್ಲಿ ಮೀನು ಕೊಯ್ಯುವ ಕಾರ್ಖಾನೆ, ಅಲ್ಲಿ ಒಬ್ಬ ಹೆಂಗಸು. ಅವಳಿಗೆ ಆಕಳಿನಂಥ ಬಾಲ. ಸಣ್ಣವಳಿದ್ದಾಗಿನಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಬಿಗಿದುಕೊಂಡೇ ಬದುಕಿದವಳು. ಜೊತೆಯವರಿಗೆ ಏನೋ ಅನುಮಾನ. ಅವಳ ಪಕ್ಕ ಕೂತು ಉಣ್ಣುವುದಿಲ್ಲ. ಒಂದು ದಿನ ಕಾಡಿನಿಂದ ಅಂಥದೇ ಬಾಲದ ಗಂಡಸು ಬರುತ್ತಾನೆ. ನೀನು ಮನುಷ್ಯಳಲ್ಲ, ನಮ್ಮವಳು, ಈ ಮನುಷ್ಯರು ನಮ್ಮ ಕುಲವನ್ನೇ ಕೊಂದವರು ಎನ್ನುತ್ತಾನೆ. ಅವಳಿಗೆ ಮೊದಲ ಸಲ ನೆಲ ಸಿಕ್ಕಂತಾಗುತ್ತದೆ. ಆದರೆ ಬಿರುಗಾಳಿಯ ಹೊತ್ತಿಗೆ ಅವನು ಬಂದರಿನ ದೀಪವನ್ನು ಆರಿಸುತ್ತಾನೆ, ದೋಣಿಗಳು ಬಂಡೆಗೆ ಬಡಿದು ಒಡೆಯಲಿ ಎಂದು. ದೋಣಿಯಲ್ಲಿರುವವರು ಅವಳನ್ನು ಅಣಕಿಸಿದವರೇ. ಅವಳು ಅವನನ್ನು ನೂಕಿ ಮೇಲೆ ಹತ್ತಿ ದೀಪ ಹಚ್ಚುತ್ತಾಳೆ. ಕೊನೆಗೆ ಕಾಡಿಗೂ ಹೋಗುವುದಿಲ್ಲ, ಕಾರ್ಖಾನೆಗೂ ಹೋಗುವುದಿಲ್ಲ. ಸೊಂಟದ ಕಟ್ಟು ಬಿಚ್ಚಿ, ಬಾಲ ಬಿಟ್ಟುಕೊಂಡು ದಂಡೆಯ ಮೇಲೆ ನಡೆಯುತ್ತಾಳೆ.

ಸಿನಿಮಾ ಮುಗಿದು ಕಿಟಕಿಯ ಬಟ್ಟೆ ಸರಿಸಿದಾಗ ನಮ್ಮ ಬಿಸಿಲು ಒಮ್ಮೆಲೇ ಒಳಗೆ ನುಗ್ಗಿತು. ಎಲ್ಲರೂ ಕಣ್ಣು ಉಜ್ಜಿಕೊಂಡರು.

"ಸರ್, ಆಕಿ ಮನುಷ್ಯಳೋ ಅಲ್ಲೋ, ಅದನ್ನ ಹೇಳ್ಲೇ ಇಲ್ಲಲ್ರಿ," ಎಂದ ಒಬ್ಬ ವಿದ್ಯಾರ್ಥಿ.

"ಬಾಲ ಅದ. ಮನುಷ್ಯಳು ಹೆಂಗಾಗ್ತಾಳ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

"ದೀಪ ಹಚ್ಚಿದಾಕಿ ಮನುಷ್ಯಳಲ್ಲ, ಆಕಿ ಬಾಜೂಕ ಕುಂತು ಉಣ್ಣಲಾರದವರು ಮನುಷ್ಯರೇನು?" ಎಂದಳು ನಮ್ಮ ಹುಡುಗಿ. ನನಗಾಗಿ ಜಗಳಕ್ಕೆ ನಿಂತಿದ್ದಾಳೆ ಎನಿಸಿತು.

ಅದಕ್ಕೇ ನಾನೂ ಎದ್ದು ನಿಂತೆ. "ಸರ್, ನಾ ಓದಿದಾಕಿ ಅಲ್ರಿ. ನನಗ ಒಂದು ಅನಸ್ತು. ಆಕಿಗೆ ಬಾಲದ ತ್ರಾಸ ಇರಲಿಲ್ರಿ. ಅದನ್ನ ಮುಚ್ಚಿ ಮುಚ್ಚಿ ಇಡೂದ ತ್ರಾಸ ಆಗಿತ್ತು," ಅಂದೆ. ಯಾರೂ ನಗಲಿಲ್ಲ. ಸರ್ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಗ್ಲೌಸಿನೊಳಗೆ ಬೆರಳುಗಳು ಒದ್ದೆಯಾಗಿದ್ದವು.

ಮರುದಿನ ಡ್ಯೂಟಿಗೆ ಗ್ಲೌಸಿಲ್ಲದೆ ಹೋದೆ. ನಮ್ಮ ಡ್ರೈವರ್ ಸುರಪುರದ ಮುಸಲ್ಮಾನರು, ನಿವೃತ್ತಿಗೆ ಹತ್ತಿರವಾದವರು. ನಾನು ಮಾಮಾ ಎನ್ನುತ್ತೇನೆ.

"ಏನ್ ಬೇಟಿ, ಇವತ್ತು ಗ್ಲೌಸ್ ಇಲ್ಲ?"

"ಮನ್ಯಾಗ ಇಟ್ಟ ಬಂದೀನ್ರಿ ಮಾಮಾ."

"ಅಚ್ಛಾ ಆತು. ನಿನ್ನ ನೋಡಿ ನೋಡಿ ನನ್ನ ಕೈಗೆ ಬೆವರು ಬರತಿತ್ತು," ಎಂದು ಗೇರ್ ಹಾಕಿದರು.

ಸಿನಿಮಾದಲ್ಲಿ ಬಾಲ ಬಿಟ್ಟಾಗ ಕಡಲು, ಗಾಳಿ, ಸಂಗೀತ ಎಲ್ಲ ಇದ್ದವು. ನನಗೆ ಸಿಕ್ಕಿದ್ದು ಬಸ್ಸು ತುಂಬ ಕಣ್ಣು. ನೋಡಿದರು, ಕಿಟಕಿಯ ಕಡೆ ತಿರುಗಿದರು. ಆ ವಾರವೆಲ್ಲ ಸಾಯಂಕಾಲ ಮನೆಗೆ ಬಂದು, ಮತ್ತೆ ಗ್ಲೌಸ್ ಹಾಕಿಕೊಳ್ಳಲೇ ಎಂದು ಯೋಚಿಸಿದ್ದೇನೆ.

ಕೆಂಭಾವಿಯ ಸಂತೆಯ ದಿನ ಒಬ್ಬ ಮುದುಕಿ ಖಾಲಿ ಬುಟ್ಟಿ ಹಿಡಿದು ಹತ್ತಿದಳು. ಬದನೆಕಾಯಿ ಮಾರಿ ಹಳ್ಳಿಗೆ ಹೊರಟವಳು. ಟಿಕೆಟ್ ಕೊಡಲು ಕೈ ಚಾಚಿದೆ. ಅವಳು ಟಿಕೆಟ್ ಬಿಟ್ಟು ನನ್ನ ಕೈಯನ್ನೇ ನೋಡಿದಳು.

"ಯವ್ವಾ, ಕೇಳಿದ್ರ ಸಿಟ್ಟಿಗೇಳಬ್ಯಾಡ. ಈ ತೊನ್ನು ಹತ್ತತದೇನು?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ನೇರವಾಗಿ ಕೇಳಿರಲಿಲ್ಲ. ಬೆನ್ನ ಹಿಂದೆ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರು.

"ಹತ್ತಂಗಿಲ್ಲ ಆಯಿ."

"ಖರೇನ?"

"ನಮ್ಮವ್ವ ನನ್ನ ತಾಟಿನ್ಯಾಗ ಉಣ್ತಾಳ, ನನ್ನ ಕೌದಿ ಹೊದಿತಾಳ. ಆಕಿಗೆ ಒಂದು ಚುಕ್ಕಿ ಬಂದಿಲ್ಲ."

ಮುದುಕಿ ನನ್ನ ಕೈ ಹಿಡಿದು ಅತ್ತಿತ್ತ ತಿರುವಿದಳು, ಸಂತೆಯಲ್ಲಿ ಕಾಯಿ ನೋಡಿದ ಹಾಗೆ. ಹೆಬ್ಬೆರಳಿನಿಂದ ಮಚ್ಚೆಯನ್ನು ಉಜ್ಜಿದಳು. ಅವಳ ಬೆರಳು ಒರಟಾಗಿ, ಬೆಚ್ಚಗಿತ್ತು. ಆಮೇಲೆ ಟಿಕೆಟ್ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಅವಳ ಊರು ಬಂದಾಗ ಬಾಗಿಲ ಹತ್ತಿರ ನಿಂತು, "ನನ್ನ ಸೊಸಿಗೂ ಬಂದಾದ. ತವರಿಗೆ ಕಳಿಸೀವಿ, ದೇವಾಪುರಕ್ಕ. ಮಗಾ ಬಾಯಿಗೆ ತುತ್ತ ಇಡವಲ್ಲ," ಅಂದಳು.

"ಯಾರು ಕಳಿಸಿದ್ರು?"

"ನಾನ ಕಳಿಸೀನವ್ವ." ಒಂದು ಮೆಟ್ಟಿಲು ಇಳಿದು ಮತ್ತೆ ತಿರುಗಿದಳು. "ನಿನಗ ರಜಾ ಯಾವಾಗ? ನನ್ನ ಜೋಡಿ ದೇವಾಪುರಕ್ಕ ಬರ್ತಿಯೇನು? ಒಬ್ಬಾಕಿ ಹೋಗಾಕ ನನಗ ಮುಖ ಇಲ್ಲ."

ಮಾಮಾ ಹಾರ್ನ್ ಒತ್ತಲಿಲ್ಲ. ಕಾದರು.

ಐತವಾರ ಹೋದೆವು. ಸೊಸೆ ಅಂಗಳದಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು, ನೀರು ತಂದು ದೂರದಲ್ಲೇ ನೆಲಕ್ಕಿಟ್ಟು ಹಿಂದೆ ಸರಿದಳು. ಕುತ್ತಿಗೆಯ ಬುಡದಲ್ಲಿ, ಸೆರಗು ಜಾರಿದಲ್ಲಿ, ಬಿಳುಪು ಕಾಣುತ್ತಿತ್ತು. ನಾನು ತಂಬಿಗೆ ಎತ್ತಿ ನೀರು ಕುಡಿದೆ. ಆಗ ಅವಳು ನನ್ನ ಕೈ ನೋಡಿದಳು. ಹತ್ತಿರ ಬಂದಳು.

"ನಿಮಗ ಯಾವಾಗಿಂದ ಅದರಿ ಅಕ್ಕಾರ?"

"ನಿನಗಿಂತ ಸಣ್ಣಾಕಿ ಇದ್ದಾಗಿಂದ."

"ಮತ್ತ ನೌಕರಿ ಮಾಡ್ತೀರಿ?"

"ಮಾಡ್ತೀನಿ. ಬಸ್ ಕಂಡಕ್ಟರ್."

ಅತ್ತೆ, "ಈಕಿ ಕೈ ಹಿಡದು ನೋಡೀನಿ, ಹತ್ತಂಗಿಲ್ಲಂತ. ನಡಿಯವ್ವ, ಮನಿಗೆ ಹೋಗೂನು," ಅಂದಳು. ಅಷ್ಟಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ.

"ನಾ ಬರಂಗಿಲ್ಲ," ಎಂದಳು ಸೊಸೆ. ದನಿ ಏರಲಿಲ್ಲ. "ನನ್ನ ತಾಟು ಒಯ್ದು ದನದ ಕೊಟ್ಟಿಗ್ಯಾಗ ಇಟ್ರಿ. ಈಗ ಇವರ ಕೈ ಹಿಡದು ನೋಡಿ ಕರಿಯಾಕ ಬಂದೀರಿ. ನನ್ನ ಕೈ ಒಂದ್ ದಿನ ಹಿಡದೀರೇನು ಅತ್ತಿ?"

ಸೊಸೆ ಮತ್ತೆ ಮೊರದ ಮುಂದೆ ಕೂತಳು. ಮುದುಕಿ ಹೋಗಿ ಅವಳ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಅದೇ ಮೊರದಿಂದ ಶೇಂಗಾ ಸುಲಿಯತೊಡಗಿದಳು. ನಾನೂ ಕೂತೆ. ಮಧ್ಯದಲ್ಲೊಮ್ಮೆ ಮುದುಕಿ ಸೊಸೆಯ ಅಂಗೈಯಿಂದ ಕಾಳು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಸೊಸೆ ಮುಖ ಆಚೆ ತಿರುಗಿಸಿ ಅತ್ತಳು.

ಆದರೂ ಅವತ್ತು ಅವಳು ನಮ್ಮ ಜೊತೆ ಹೊರಡಲಿಲ್ಲ. "ನಿಮ್ಮ ಮಗಾ ಬಂದು ಕರೀಲಿ. ಮದ್ಲ ಎಲ್ಲಾರೂ ಕೂಡಿ ಡಾಕ್ಟರ್ ಕಡಿ ಹೋಗೂನು. ಆಮ್ಯಾಲೆ ನೋಡೂನು," ಅಂದಳು. ಅವಳ ಹಟ ನೋಡಿ ನನಗೆ ಸಂತೋಷವಾಯಿತು. ಅವಳ ವಯಸ್ಸಿನಲ್ಲಿ ಈ ಮಾತು ಆಡಬಹುದೆಂಬುದೇ ನನಗೆ ಗೊತ್ತಿರಲಿಲ್ಲ.

ಉಳಿದದ್ದನ್ನು ಮುದುಕಿ ಮುಂದೊಂದು ಸಂತೆಯ ದಿನ ಬಸ್ಸಿನಲ್ಲಿ ಹೇಳಿದಳು. ಮಗ ದೇವಾಪುರಕ್ಕೆ ಹೋದನಂತೆ. ಮೂವರೂ ಯಾದಗಿರಿಯ ದವಾಖಾನೆಗೆ ಹೋದರಂತೆ. "ಕೇಳಿದ್ದನ್ನ ಮತ್ತ ಮತ್ತ ಕೇಳಿದೆ. ಡಾಕ್ಟರವ್ವ ಬ್ಯಾಸರ ಮಾಡಕೊಳ್ಳಲಿಲ್ಲ. ಮುಲಾಮು ಕೊಟ್ಟಾಳ. ಬಣ್ಣ ಬಂದ್ರ ಬರ್ತದ, ಇಲ್ಲಾಂದ್ರ ಇಲ್ಲ, ಬಾಳೇಕ ಅಡ್ಡಿಲ್ಲ ಅಂದಾಳ." ಸೊಸೆ ಮನೆಗೆ ಬಂದಳು. ಪಕ್ಕದ ಮನೆಯವರು ಒಂದಿಷ್ಟು ದಿನ ಮಜ್ಜಿಗೆ ಒಯ್ಯುವುದನ್ನು ಬಿಟ್ಟರಂತೆ. "ಬಿಡಲಿ, ಮಜ್ಜಿಗಿ ನಮಗ ಉಳೀತು," ಎಂದಳು ಮುದುಕಿ.

ನನ್ನ ಬಸ್ಸಿನಲ್ಲಿ ಎಲ್ಲರೂ ಬದಲಾಗಿದ್ದಾರೆ ಎಂದರೆ ಸುಳ್ಳಾಗುತ್ತದೆ. ಈಗಲೂ ಕಾರ್ಡಿನ ತುದಿ ಹಿಡಿಯುವವರಿದ್ದಾರೆ. ಆದರೆ ಕೇಳುವವರೂ ಹೆಚ್ಚಾಗಿದ್ದಾರೆ. ಕೇಳಿದವರಿಗೆ ಹೇಳುತ್ತೇನೆ. ಹೇಳಿದ ಮೇಲೆ ಕೆಲವರು ಜಾಗ ಸರಿದು, "ಕೂಡ್ರಿ ಅಕ್ಕಾರ, ಎಷ್ಟೊತ್ತು ನಿಂದರ್ತೀರಿ," ಎನ್ನುತ್ತಾರೆ.

ಸಂತೆಯ ದಿನ ಅತ್ತೆ ಸೊಸೆ ಇಬ್ಬರೂ ಹತ್ತುತ್ತಾರೆ. ಹತ್ತಿದ ಕೂಡಲೇ ಜಗಳ. ಬದನೆಕಾಯಿಯನ್ನು ಅಗ್ಗಕ್ಕೆ ಕೊಟ್ರಿ ಎಂದು ಸೊಸೆ, ನಿನ್ನ ಬಾಯಿ ಜೋರಾಗಿ ಗಿರಾಕಿ ಓಡಿದರು ಎಂದು ಅತ್ತೆ. ಹೋದ ಸಂತೆಗಂತೂ ಹಿಂದಿನ ಸೀಟಿನವರೂ ಪಂಚಾಯ್ತಿಗೆ ಸೇರಿಕೊಂಡಿದ್ದರು.

"ಬೇಟಿ, ಅವರಿಬ್ಬರಿಗೂ ಸ್ವಲ್ಪ ಸುಮ್ನಿರಾಕ ಹೇಳು. ಇಂಜಿನ್ ಸದ್ದ ಕೇಳವಲ್ದು," ಎಂದರು ಮಾಮಾ.

ನಾನು ಹೋಗಿ ಹೇಳಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, "ನೀನ ಹೇಳವ್ವ, ಯಾರದು ತಪ್ಪು?" ಎಂದು ಶುರುಮಾಡಿದರು.