ಕೊರಳಿಗೆ ಬಟ್ಟೆ ಕಟ್ಟದ ವೇಣು

ಭಾನುವಾರದ ನಸುಕು. ಬೆಂಗಳೂರಿನ ಚಿಕ್ಕಲಸಂದ್ರದ ಕಡೆಯ ಒಂದು ಖಾಸಗಿ ಮನೋರೋಗ ಆಸ್ಪತ್ರೆ. ಗಂಡಸರ ವಾರ್ಡಿನ ಬೀಗ ತೆಗೆಸಿಕೊಂಡು ವೇಣು ಒಳಗೆ ಬರುತ್ತಾರೆ, ಕೈಯಲ್ಲಿ ಕತ್ತರಿ ಪೆಟ್ಟಿಗೆ. ಇಟ್ಟಮಡುವಿನಲ್ಲಿ ಇವರದು ಎರಡು ಕುರ್ಚಿಯ ಕಟಿಂಗ್ ಶಾಪ್. ವಾರಕ್ಕೊಮ್ಮೆ, ಅದರ ಶಟರ್ ಎತ್ತುವ ಮುಂಚೆ, ಇಲ್ಲಿನವರ ಕೂದಲು ಕತ್ತರಿಸುವುದು ರೂಢಿ. ವಾರ್ಡಿನಲ್ಲಿ ಕನ್ನಡಿ ಇಡುವಂತಿಲ್ಲ.

ಮೊದಲು ಕೂರುವವರು ಮಾರಯ್ಯ ಎಂಬ ಹಿರಿಯರು. ವೇಣು ಬಿಳಿ ಬಟ್ಟೆ ಕೊಡವಿ ಅವರ ಎದೆಯ ಮೇಲೆ ಹರಡುತ್ತಾರೆ. ಗಂಟು ಹಾಕುವುದಿಲ್ಲ. ಎರಡೂ ತುದಿಗಳನ್ನು ಅವರ ಕೈಗೇ ಕೊಡುತ್ತಾರೆ. "ಹಿಡ್ಕೊಳಿ ಅಣ್ಣ. ಬೇಡ ಅನ್ಸಿದ್ರೆ ಬಿಟ್ಬಿಡಿ, ನಾನು ನಿಲ್ಲಿಸ್ತೀನಿ."

ಬಂದ ಹೊಸದರಲ್ಲಿ, ಅಂಗಡಿಯ ಅಭ್ಯಾಸದಂತೆ, ಒಬ್ಬರ ಕೊರಳಿಗೆ ಬಟ್ಟೆ ಕಟ್ಟಿದ್ದರು. ಅವರು ಕಿರುಚಿಕೊಂಡು ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದರು. "ಅವ್ರನ್ನ ಮಂಚಕ್ಕೆ ಕಟ್ಟಾಕ್ತಿದ್ರಂತೆ ಸಾರ್. ನನ್ ಬಟ್ಟೇನೂ ಅವ್ರಿಗೆ ಹಗ್ಗಾನೇ," ಎಂದು ವೇಣು ನನಗೆ ಹೇಳುತ್ತಾರೆ.

ಮೂಲೆಯ ಮಂಚದಲ್ಲಿ ಸಿದ್ದಾರೂಢ (ಹೆಸರು ಬದಲಿಸಿದೆ). ಬಾದಾಮಿ ಕಡೆಯ ಹುಡುಗ. ಬಿಟಿಎಂನಲ್ಲಿ ಬಾಡಿಗೆ ರೂಮು, ಆಫೀಸುಗಳಲ್ಲಿ ಹೌಸ್‌ಕೀಪಿಂಗ್ ಕೆಲಸ. ಈಗ ಎರಡೂ ಕೈಗಳನ್ನು ಪಟ್ಟಿಯಿಂದ ಮಂಚದ ಸರಳಿಗೆ ಬಿಗಿದಿದ್ದಾರೆ. ಯಾರಿಗಾದರೂ ಹೊಡೆದನೇ? ಇಲ್ಲ. ಊಟದ ತಟ್ಟೆ ಎಸೆದನಂತೆ. ಆ ಅನ್ನ ಮನುಷ್ಯರು ತಿನ್ನುವಂತಿತ್ತೇ ಎಂದು ಕೇಳಿದವರೊಬ್ಬರೂ ಇಲ್ಲ.

"ತಲೆ ತುಂಬಾ ಹೇನು. ಕಟ್ಟಿರೋವಾಗ್ಲೇ ಬೋಳಿಸಿಬಿಡು ಗುರು," ಎನ್ನುತ್ತಾನೆ ಸೂಪರ್‌ವೈಸರ್.

"ಬಿಚ್ಚಿ ಸಾರ್, ಆಮೇಲೆ."

"ಕಚ್ಚಿದ್ರೆ?"

"ಕಚ್ಚಲಿ. ಅಂಗಡೀಲಿ ನಿಮ್ಮನ್ನ ಕಟ್ಟಾಕಿ ಕಟಿಂಗ್ ಮಾಡಿದ್ದೀನಾ?"

"ನಿನ್ನಂಥೋರು ಕತ್ರಿಗುಪ್ಪೇಲಿ ಬೀದಿಗೊಬ್ರು ಸಿಗ್ತಾರೆ."

"ಸಿಗ್ತಾರೆ. ಕರ್ಸಿ."

ವೇಣು ಕತ್ತರಿ ಒಳಗಿಟ್ಟು ನೆಲದ ಮೇಲೆ ಕೂತೇಬಿಡುತ್ತಾರೆ.

ಬಲವಂತವಾಗಿ ತಲೆ ಬೋಳಿಸಬಾರದೆಂದು ಕಾನೂನಿದೆ. ಇಲ್ಲದೆ ಏನು! ಅದನ್ನು ಆಸ್ಪತ್ರೆಯವರು ಫ್ರೇಮ್ ಹಾಕಿಸಿ ರಿಸೆಪ್ಷನ್ ಗೋಡೆಗೆ ನೇತುಹಾಕಿದ್ದಾರೆ, ಸತ್ತವರ ಫೋಟೋಗೆ ಹಾಕುವಂತೆ ಪ್ಲಾಸ್ಟಿಕ್ ಹಾರ ಬೇರೆ. ತಟ್ಟೆ ಎಸೆದವನನ್ನು ಕಟ್ಟಿಹಾಕಿ ಅದಕ್ಕೆ ಚಿಕಿತ್ಸೆ ಎಂದು ಹೆಸರಿಟ್ಟವರ ಬಾಯಿಗೆ ಮಣ್ಣು ಬೀಳಲಿ.

ಕೊನೆಗೆ ನರ್ಸ್ ಸುಧಾಮಣಿ ಬಂದು, ಸೂಪರ್‌ವೈಸರ್ ಮುಖವನ್ನೂ ನೋಡದೆ ಪಟ್ಟಿ ಬಿಚ್ಚುತ್ತಾರೆ. ಮಣಿಕಟ್ಟಿನ ಚರ್ಮ ಪಟ್ಟಿಗೆ ಅಂಟಿಕೊಂಡೇ ಬರುತ್ತದೆ. ಆ ಕೈಗಳಿಗೆ ವೇಣು ಬಟ್ಟೆಯ ತುದಿ ಕೊಡುತ್ತಾರೆ.

"ಹೇನಿಗೆ ಔಷಧಿ ಹಚ್ತೀನಿ, ಬೋಳಿಸಲ್ಲ. ಹೆಂಗೆ ಕಟ್ ಮಾಡ್ಲಿ ಅಣ್ಣ?"

ಬಂದಾಗಿನಿಂದ ತುಟಿ ಬಿಚ್ಚದ ಹುಡುಗ ಕತ್ತರಿಯನ್ನೇ ನೋಡುತ್ತಾನೆ. ಬಟ್ಟೆ ಬಿಡುವುದಿಲ್ಲ.

"ಹಿಂದ ಸಣ್ಣ ಮಾಡ್ರೀ," ಎನ್ನುತ್ತಾನೆ. "ಮುಂದ... ಮುಂದ ಇರ್ಲಿ."

ಮರುವಾರ ಆಸ್ಪತ್ರೆಯವರು ವೇಣು ಅವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಮಷಿನ್ ಹಿಡಿದ ಬೇರೊಬ್ಬ ಸಿಕ್ಕಿದ್ದಾನಂತೆ. ಎಲ್ಲರಿಗೂ ಜೀರೋ ಕಟ್, ಬುಡಮಟ್ಟ.

"ಹೋದ್ರೆ ಹೋಯ್ತು ಬಿಡಿ," ಎನ್ನುತ್ತಾರೆ ವೇಣು, ಇಟ್ಟಮಡುವಿನ ಅಂಗಡಿಯ ಶಟರ್ ಎತ್ತುತ್ತಾ. "ಆ ಹುಡುಗ ಆಚೆ ಬಂದ್ಮೇಲೆ ಒಂದ್ಸಲ ಇಲ್ಲಿಗೆ ಬರ್ಲಿ ಸಾರ್. ಕನ್ನಡಿ ಮುಂದೆ ಕೂತ್ಕೊಂಡು, ಏನ್ ಹಿಂಗ್ ಕೆಡಿಸಿಟ್ರಿ ಅಂತ ನನ್ನ ಬೈಲಿ. ಅಷ್ಟೇ."