ಶಿಲಾಜಿತು ಅಸಲಿ ಎಂದ ಮಾತು

ಇಪ್ಪತ್ತೆರಡು ವರ್ಷದಿಂದ ಆಕೆ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಹಳೇ ಪೈಪುಗಳಿಂದ ನಲ್ಲಿ ನೀರಿಗೆ ಸೀಸ ಇಳಿದಿದೆಯೇ ಎಂದು ನೋಡುವುದು ಅವಳ ಪಾಲಿನ ಕೆಲಸ. ಬೀದಿಯವರ ಬಾಯಲ್ಲಿ ಅವಳು ಲ್ಯಾಬಕ್ಕ. ಹಾಲಿಗೆ ನೀರು ಬೆರೆಸಿದ್ದಾರಾ, ಜೇನುತುಪ್ಪ ನಿಜದ್ದಾ, ಏನೇ ಅನುಮಾನ ಬಂದರೂ ಅವಳ ಬಾಗಿಲೇ ಬಡಿಯುತ್ತಿದ್ದರು. ಅವಳಿಗೂ ಅದು ಒಳಗೊಳಗೇ ಹೆಮ್ಮೆ. ಇಲ್ಲ ಎಂದರೆ ಸುಳ್ಳಾದೀತು.

ಒಂದು ಭಾನುವಾರ ತಮ್ಮ ಬಂದ. ಟೈಲರ್. ಕೈಯಲ್ಲಿ ಕರೀ ಡಬ್ಬಿ.

"ಅಕ್ಕಾ, ಇದು ಶಿಲಾಜಿತು. ಬಂಡೆಯಿಂದ ಒಸರೋ ಅಂಟು. ದಿನಾ ಕಾಳಷ್ಟು ತಿಂದ್ರೆ ಸುಸ್ತೆಲ್ಲ ಹೋಗುತ್ತಂತೆ. ಅಸಲಿನಾ ನೋಡಿ ಹೇಳು."

ಲ್ಯಾಬಕ್ಕ ಅಡುಗೆಮನೆಯಲ್ಲೇ ನೋಡಿದಳು. ಬಿಸಿನೀರಿನಲ್ಲಿ ಪೂರ್ತಿ ಕರಗಿತು, ತಳದಲ್ಲಿ ಮರಳಿಲ್ಲ. ಚಮಚದ ತುದಿಗೆ ಅಂಟಿಸಿ ಬೆಂಕಿಗೆ ಹಿಡಿದರೆ ಹೊತ್ತಿ ಉರಿಯಲಿಲ್ಲ, ಉಬ್ಬಿ ಬೂದಿಯಾಯಿತು. ಜನ ಹೇಳುವ ಗುರುತೆಲ್ಲ ಸರಿಯಿತ್ತು.

"ಅಸಲಿನೇ ಕಣೋ. ತಿನ್ನು."

ತಮ್ಮನ ಬಾಯಿಗೆ ಬೀಗ ಎಲ್ಲಿ? ಅಳತೆ ಕೊಡಲು ಬಂದವರಿಗೆಲ್ಲ "ನಮ್ಮಕ್ಕ ನೋಡಿದಾಳೆ" ಎಂದು ಸಾರಿದ. ಅವನು ಕೊಂಡ ಅಂಗಡಿಯಿಂದಲೇ ಐದು ಮನೆಗೆ ಡಬ್ಬಿ ಹೋಯಿತು.

ಎರಡು ತಿಂಗಳಿಗೆ ಅವನಿಗೆ ಹೊಟ್ಟೆ ನುಲಿಯತೊಡಗಿತು. ಮಲಬದ್ಧತೆ ಬೇರೆ. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ಸೋಲುತ್ತಿತ್ತು. ನಿಶ್ಶಕ್ತಿ ಇರಬೇಕೆಂದು ಈ ಪುಣ್ಯಾತ್ಮ ಇನ್ನೊಂದು ಕಾಳು ಜಾಸ್ತಿ ತಿಂದ!

ಲ್ಯಾಬಕ್ಕನಿಗೆ ಇದು ಹೊಳೆದದ್ದು ತನ್ನದೇ ಮೇಜಿನ ಮುಂದೆ. ಸೀಸ ಮೈಗೆ ಸೇರಿದರೆ ಏನಾಗುತ್ತದೆ ಎಂಬ ಕಾಗದ ಗೋಡೆಯ ಮೇಲಿತ್ತು, ಅಂಟಿಸಿದವಳೂ ಅವಳೇ. ಹೊಟ್ಟೆ ನುಲಿತ, ಮಲಬದ್ಧತೆ, ಕೈಯಲ್ಲಿ ಬಲವಿಲ್ಲದಿರುವುದು. ದೀಪದ ಬುಡದಲ್ಲೇ ಕತ್ತಲು. ಡಬ್ಬಿಯಲ್ಲಿರುವುದು ಶಿಲಾಜಿತು ಹೌದೇ ಎಂದು ನೋಡಿದ್ದಳೇ ಹೊರತು, ಅದರ ಜೊತೆ ಇನ್ನೇನಿದೆ ಎಂದು ನೋಡಿರಲಿಲ್ಲ. ಬಂಡೆಯಿಂದ ಬಂದದ್ದು ಬಂಡೆಯ ಲೋಹವನ್ನೂ ತಂದೀತು. ಬೆಂಕಿಗೆ ಹಿಡಿದರೆ ಸೀಸ ಕಾಣುತ್ತದೆಯೇ? ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಅಂದೇ ಡಬ್ಬಿ ಕಸಿದುಕೊಂಡಳು. ತಮ್ಮನನ್ನು ಎಳೆದೊಯ್ದು ರಕ್ತಪರೀಕ್ಷೆ ಮಾಡಿಸಿದಳು. ಐದೂ ಮನೆಗೆ ಹೋಗಿ "ಫಲಿತಾಂಶ ಬರೋವರೆಗೂ ಮುಟ್ಟಬೇಡಿ" ಎಂದಳು. ಆಮೇಲೆ ಡಬ್ಬಿ ಹಿಡಿದು ಮೇಲಧಿಕಾರಿಯ ಮುಂದೆ ನಿಂತಳು.

"ನಮ್ದು ನೀರಿನ ಲ್ಯಾಬ್ ಅಮ್ಮಾ. ಇದೆಲ್ಲ ಇಲ್ಲಿ ಆಗಲ್ಲ."

"ಆಗೋ ಲ್ಯಾಬಿಗೆ ಪತ್ರ ಕೊಡಿ ಸಾರ್. ಪತ್ರ ಸಿಗೋವರೆಗೂ ನಾನಿಲ್ಲಿಂದ ಕದಲಲ್ಲ."

ಪತ್ರ ಸಿಕ್ಕಿತು. ತನ್ನ ಮನೆಯ ಮಾದರಿಯನ್ನು ತಾನೇ ತೆಗೆಯಬಾರದು ಎಂಬುದು ಅವರ ಕೆಲಸದ ಕಟ್ಟಳೆ. ಹಾಗಾಗಿ ಪಕ್ಕದ ಮೇಜಿನವಳು ಡಬ್ಬಿಯ ಮೇಲಿಂದ, ನಡುವಿನಿಂದ, ತಳದಿಂದ ಅಂಟು ತೆಗೆದು ಸೀಸೆಗೆ ಹಾಕಿ, ಹೆಸರಿಲ್ಲದೆ ಬರೀ ನಂಬರು ಬರೆದಳು. ಲ್ಯಾಬಕ್ಕ ಕೈಕಟ್ಟಿ ನೋಡುತ್ತ ನಿಂತಳು.

ಒಂಬತ್ತು ದಿನಕ್ಕೆ ಉತ್ತರ ಬಂತು. ಸೀಸ ಮಿತಿಗಿಂತ ಹನ್ನೊಂದು ಪಟ್ಟು. ತಮ್ಮನ ರಕ್ತದಲ್ಲೂ ಇತ್ತು. ಈಗಲೇ ನಿಲ್ಲಿಸಿದ್ದು ಒಳ್ಳೆಯದಾಯಿತು, ಔಷಧಿಯಿಂದ ನಿಧಾನಕ್ಕೆ ಇಳಿಯುತ್ತದೆ ಎಂದರು ಡಾಕ್ಟರು.

"ಅಂಗಡಿಯವನದೇ ತಪ್ಪು ಅಂದ್ಬಿಡೋಣ ಅಕ್ಕಾ," ಎಂದ ತಮ್ಮ. "ನೀನು ಅಸಲಿ ಅಂದಿದ್ದು ಯಾಕೆ ಎತ್ತಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು."

"ಅಂಗಡಿಯವನ ಮೇಲೆ ದೂರು ಕೊಟ್ಟಾಯ್ತು. ಆದ್ರೆ ಅವರು ತಿಂದಿದ್ದು ಅವನ ಮಾತು ಕೇಳಿ ಅಲ್ಲ, ನನ್ನ ಮಾತು ಕೇಳಿ. ಹೋದ ಮಾತನ್ನ ನಾನೇ ಹೋಗಿ ತರ್ತೀನಿ."

ವರದಿ ಹಿಡಿದು ಹೊರಟಳು. ನಾಲ್ಕು ಮನೆಯವರು ಬೈದರು, ಡಬ್ಬಿ ಕೊಟ್ಟರು. ಐದನೆಯದು ನಿವೃತ್ತ ಬಸ್ ಡ್ರೈವರೊಬ್ಬರ ಮನೆ. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಮಂಡಿನೋವು ಕಡಿಮೆ ಆಗಿದೆ ನಂಗೆ. ಅವತ್ತು ಅಸಲಿ ಅಂದ್ರಿ, ಇವತ್ತು ವಿಷ ಅಂತೀರಿ. ಯಾವ ಮಾತು ನಂಬ್ಲಿ?"

ಲ್ಯಾಬಕ್ಕ ಹೊಸ್ತಿಲು ಬಿಟ್ಟು ಸರಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ತಮ್ಮ ಬಂದ. ಜೇಬಿನಿಂದ ಸೂಜಿ, ದಾರ ತೆಗೆದು ಅವರ ಮುಂದೆಯೇ ಪೋಣಿಸಲು ನೋಡಿದ. ಒಂದು ಸಲ, ಎರಡು ಸಲ, ಮೂರು ಸಲ. ದಾರ ಕಣ್ಣಿಗೆ ಸೇರಲಿಲ್ಲ.

"ಮೂವತ್ತು ವರ್ಷದ ಟೈಲರ್ ಸ್ವಾಮಿ ನಾನು," ಎಂದ. "ಅವತ್ತು ನಮ್ಮಕ್ಕ ನೋಡಿದಾಳೆ ಅಂತ ನಾನೇ ನಿಮಗೆ ಹೇಳಿದ್ದೆ. ಇವತ್ತೂ ನಾನೇ ಹೇಳ್ತಿದೀನಿ. ನಮ್ಮಕ್ಕ ನೋಡಿದಾಳೆ. ಕೊಟ್ಬಿಡಿ."

ಡ್ರೈವರು ಒಳಗೆ ಹೋಗಿ ಡಬ್ಬಿ ತಂದು ಅವಳ ಕೈಗಿಟ್ಟರು.