ಬಸ್ಸು ಹತ್ತದ ನೀರು

ಮನುಷ್ಯನ ಶರೀರದಲ್ಲಿ ಬಹುಭಾಗ ನೀರೇ ಇದೆ ಎಂದು ಶಾಸ್ತ್ರ ಹೇಳುತ್ತದೆ. ನಾನೂ ಹೈಸ್ಕೂಲಿನ ಕರಿಹಲಗೆಯ ಮುಂದೆ ನಿಂತು ಇದನ್ನು ಮೂವತ್ತು ವರ್ಷ ಗಂಭೀರವಾಗಿ ಹೇಳಿದ್ದೇನೆ. ಉಳಿದದ್ದು ಚಹಾ ಎಂಬುದನ್ನು ಮಾತ್ರ ಪಠ್ಯಪುಸ್ತಕದವರು ಯಾಕೋ ಬಿಟ್ಟಿದ್ದರು.

ನೀರಿನ ಮಾತು ಯಾಕೆ ಬಂತೆಂದರೆ, ಕಳೆದ ತಿಂಗಳು ಮಗಳು ನನ್ನನ್ನೂ ನನ್ನ ಹೆಂಡತಿಯನ್ನೂ ಸವದತ್ತಿಯ ಆಚೆ, ಮಲಪ್ರಭೆಯ ಹಿನ್ನೀರಿನ ದಂಡೆಗೆ ಹೊಸದಾಗಿ ಎದ್ದಿರುವ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದಳು. ಕೋಣೆಗೆ ಕಾಲಿಟ್ಟ ಕೂಡಲೇ ನಿಂಬೆಹುಲ್ಲಿನ ವಾಸನೆ. ಮೇಜಿನ ಮೇಲೆ ಆರೋಗ್ಯದ ನಿಯಮಗಳ ಒಂದು ಹಾಳೆ: ಮೊಬೈಲು ಮುಟ್ಟಬಾರದು, ಹೊಗೆ ಕೂಡದು, ತಾನಾಗಿ ಎಚ್ಚರವಾದಾಗಲೇ ಏಳಬೇಕು. ಪಕ್ಕದಲ್ಲಿ ಬೂಚು ಹಾಕಿದ ಗಾಜಿನ ಬಾಟಲಿಯಲ್ಲಿ ಕುಡಿಯುವ ನೀರು.

ಆ ಬಾಟಲಿಯನ್ನು ಕೈಗೆತ್ತಿಕೊಂಡು ಅದರ ಮೈಮೇಲೆ ಕಾಗದದ ಪಟ್ಟಿ ಹುಡುಕಿದೆ. ಇರಲಿಲ್ಲ... ಇರುವುದಾದರೂ ಹೇಗೆ? ಅಂಥ ಪಟ್ಟಿ ಕತ್ತರಿಸುವ ಕೈ ಹೋಗಿ ಬಹಳ ವರ್ಷಗಳಾದವು.

ಬೈಲಹೊಂಗಲದಲ್ಲಿ ನಮ್ಮ ಓಣಿಯ ತುದಿಗೆ ಒಂದು ದವಾಖಾನೆ ಇತ್ತು. ಡಾಕ್ಟರು ಧಾರವಾಡದಿಂದ ವಾರಕ್ಕೆ ಮೂರು ದಿನ ಬರುತ್ತಿದ್ದರು. ಕಂಪೌಂಡರ್ ಏಳೂ ದಿನ ಇರುತ್ತಿದ್ದರು. ಆದ್ದರಿಂದ ಊರಿನ ರೋಗಗಳೆಲ್ಲ ಹೆಚ್ಚಾಗಿ ಕಂಪೌಂಡರರನ್ನೇ ನಂಬಿಕೊಂಡಿದ್ದವು. ಓಣಿಗೆಲ್ಲ ಅವರು ಕಾಕಾ. ಬಿಳಿ ಪಾಯಜಾಮ, ಮಾಸಿದ ಕೋಟು, ಕೋಟಿನ ಜೇಬಿನಲ್ಲಿ ಒಂದು ಸಣ್ಣ ಕತ್ತರಿ. ಆಗ ಔಷಧವೆಂದರೆ ಬಾಟಲಿಯಲ್ಲಿ ಕಲಸಿಕೊಡುವ ಗುಲಾಬಿ ಬಣ್ಣದ ನೀರು. ಎಷ್ಟು ಕುಡಿಯಬೇಕು ಎಂಬುದಕ್ಕೆ ಬಾಟಲಿಯ ಮೈಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯನ್ನು ಮಡಚಿ, ಅಂಚಿಗೆ ಕತ್ತರಿ ತಾಗಿಸಿ ಬಿಡಿಸಿದರೆ ಸಮ ಅಂತರದಲ್ಲಿ ಕಚ್ಚುಗಳು. ಒಂದು ಕಚ್ಚಿಗೆ ಒಂದು ಡೋಸು. ಅಳತೆಪಟ್ಟಿ ಹಿಡಿದು ಗೆರೆ ಎಳೆಯುವ ನನಗೆ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ.

ನನ್ನ ಮದುವೆಯಾಗಿ ಆಗ ನಾಲ್ಕು ವರ್ಷ. ಮನೆಯಲ್ಲಿ ಹದಿನಾಲ್ಕು ಮಂದಿ, ಒಂದು ಒಲೆ, ಒಲೆಯ ಮುಂದೆ ನನ್ನ ಹೆಂಡತಿ. ಎರಡು ಸಲ ಬಸಿರಾಗಿ ಮೂರನೇ ತಿಂಗಳಿಗೇ ಹೋಗಿತ್ತು. ಮೈ ಇಳಿದು, ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರಾಮದುರ್ಗದ ತವರಿಗೆ ನಾಲ್ಕು ದಿನ ಕಳಿಸೋಣವೆಂದರೆ, "ಪಂಚಮಿಗೆ ಹೋಗಿ ಬಂದಾಳಲ್ಲ" ಎಂದು ಅವ್ವ ಮಾತು ಮುಗಿಸುತ್ತಿದ್ದಳು. ಎಂಟನೇ ತರಗತಿಯಲ್ಲಿ ಗುಡುಗುತ್ತಿದ್ದ ನಾನು ಅವ್ವನ ಮುಂದೆ ಹವಾಮಾನ ವರದಿಯಷ್ಟೇ ಅನಿಶ್ಚಿತನಾಗುತ್ತಿದ್ದೆ.

ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ಉರುಳಿದಳು. ದವಾಖಾನೆಗೆ ಕರೆದೊಯ್ದೆವು. ಅವ್ವನೂ ಬಂದಳು. ಅಂದು ಡಾಕ್ಟರು ಇಲ್ಲದ ದಿನ. ಕಾಕಾ ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಮುಂಜಾನೆ ಎಷ್ಟಕ್ಕ ಏಳ್ತೀ ತಂಗಿ?"

ಹೆಂಡತಿ ಅವ್ವನ ಮುಖ ನೋಡಿದಳು. ಉತ್ತರ ಅವ್ವನೇ ಕೊಟ್ಟಳು: "ನಾಕಕ್ಕ. ನಮ್ಮ ಮನ್ಯಾಗ ಎಲ್ಲಾರೂ ನಾಕಕ್ಕ ಏಳ್ತಾರ."

ಈ "ಎಲ್ಲಾರೂ" ಎಂಬುದರಲ್ಲಿ ನಾನು ಸೇರಿರಲಿಲ್ಲ. ಆ ವಿಷಯವನ್ನು ಆಗ ಎತ್ತುವುದು ಸೂಕ್ತವೆನಿಸಲಿಲ್ಲ.

ಕಾಕಾ ಒಂದು ಖಾಲಿ ಬಾಟಲಿ ತೆಗೆದು, ಮೂರು ಕಚ್ಚಿನ ಪಟ್ಟಿ ಕತ್ತರಿಸಿ ಅಂಟಿಸಿ, ಬೂಚು ಹಾಕಿ ಹೆಂಡತಿಯ ಕೈಗೆ ಕೊಟ್ಟರು.

"ಇದರಾಗ ಔಷಧ ಎಲ್ಲೈತ್ರಿ?" ಎಂದಳು ಅವ್ವ.

"ಔಷಧ ಸೊಗಲದಾಗ ಐತ್ರಿ ಅವ್ವಾರ."

ಸೊಗಲ ನಮ್ಮೂರಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಎರಡು ಗುಡ್ಡಗಳ ನಡುವೆ ಬೀಳುವ ನೀರು, ಒಂದು ದೇವಸ್ಥಾನ, ಬಂದವರು ಉಳಿಯಲು ನಾಲ್ಕಾರು ಕೋಣೆ. "ಕಿತ್ತೂರ ಸಂಸ್ಥಾನದಾಗ ಸುಸ್ತಾದವರನ್ನೆಲ್ಲಾ ಹವಾ ಬದಲಿಗೆ ಅಲ್ಲೇ ಕಳಸ್ತಿದ್ರು" ಎಂದರು ಕಾಕಾ. ಇದು ಯಾವ ಇತಿಹಾಸದಲ್ಲಿದೆ ಎಂದು ಅವ್ವ ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಕಿತ್ತೂರಿನ ಹೆಸರು ಬಂದಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅವ್ವ ಬೇರೆ ದಾರಿಯಿಂದ ಬಂದಳು.

"ಹಂಗಾರ ಒಂದು ಕೊಡ ನೀರು ಮನಿಗೇ ತರಸ್ತೀವಿ ತಗೋರಿ."

"ಆ ನೀರು ಬಸ್ ಹತ್ತೂದಿಲ್ರಿ. ಗುಡ್ಡಾ ದಾಟ್ತು ಅಂದ್ರ ಗುಣಾ ಹೋತು. ಅಲ್ಲೇ ಕುಂತು ಹನ್ನೊಂದು ದಿನಾ ಕುಡೀಬೇಕು. ಹೊತ್ತು ಏರಿದ ಮ್ಯಾಲ ಏಳಬೇಕು. ಬೆಂಕಿ ಮುಟ್ಟಬಾರದು. ಹೊಗಿ ಕುಡದ ಮೈಗೆ ಅದು ಹತ್ತೂದಿಲ್ಲ."

"ಮತ್ತ ಉಣ್ಣೂದೇನು, ಗಾಳಿ?"

"ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನೀವೇ ಮಾಡಿ ಕಟ್ಟಿ ಕೊಡ್ರಿ ಅವ್ವಾರ. ನಿಮ್ಮ ಕೈಗುಣಾ ಸಣ್ಣದಲ್ಲ, ಅದರ್ದೂ ಔಷಧದಾಗ ಪಾಲು ಐತಿ."

ಅವ್ವನಿಗೆ ಬೇರೆ ದಾರಿ ಉಳಿಯಲಿಲ್ಲ. ಆದರೆ ಬಾಗಿಲಿಗೆ ಬಂದಾಗ ಕಾಕಾ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ್ದು ಬೇರೆಯದೇ ದನಿಯಲ್ಲಿ. "ಮಾಸ್ತರ, ಹಿಂಗ ಬಿಟ್ರ ಈ ಹುಡುಗಿ ಉಳಿಯೂದಿಲ್ಲ."

ಅದೇ ವಾರ ನಮ್ಮ ಓಣಿಯ ಇನ್ನೂ ಮೂವರಿಗೆ ಅದೇ ರೋಗ ಕಾಣಿಸಿತು. ಸಾಂಕ್ರಾಮಿಕ ರೋಗಗಳ ಪಾಠ ಮಾಡುವ ನನಗೂ ಇದರ ಲಕ್ಷಣ ಹೊಸದು: ಸೊಸೆಯಂದಿರಿಗೆ ಮಾತ್ರ ತಗಲುತ್ತಿತ್ತು. ನಾಲ್ವರೂ ಖಾಲಿ ಬಾಟಲಿ ಹಿಡಿದುಕೊಂಡು ಒಂದೇ ಬಸ್ಸು ಹತ್ತಿದರು. ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಭಾರ ಅವ್ವನಿಗೂ, ಅನಿವಾರ್ಯವಾಗಿ ನನಗೂ ಬಂತು. ನಾನು ಮಾಡಿದ ಝುಣಕದ ಬಗ್ಗೆ ಮನೆಯವರು ಈಗಲೂ ಮಾತಾಡುತ್ತಾರೆ. ಹೊಗಳಿಕೆಯಲ್ಲ.

ರವಿವಾರ ಸೊಗಲಕ್ಕೆ ಹೋದೆ. ನಾಲ್ವರೂ ಬಂಡೆಯ ಮೇಲೆ ಕುಳಿತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದರು. "ಬಂದ್ರು ನೋಡ್ರೆವಾ ಮಾಸ್ತರು, ಹಾಜರಿ ತಗೊಳ್ಳಾಕ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಗುವಾಗ ನನ್ನ ಹೆಂಡತಿಯ ಮೂಗಿನಿಂದ ಒಂದು ಸದ್ದು ಬರುತ್ತದೆ. ನಾಲ್ಕು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ...

ವಿಜ್ಞಾನದ ಮಾಸ್ತರನಾದ ತಪ್ಪಿಗೆ ಆ ನೀರನ್ನು ಒಂದು ಬಾಟಲಿ ತುಂಬಿಕೊಂಡು ಬಂದೆ. ಅದು ನಿರ್ವಿಘ್ನವಾಗಿ ಬಸ್ಸು ಹತ್ತಿತು. ಸಾಲೆಯ ಪ್ರಯೋಗಶಾಲೆಯಲ್ಲಿ ಕಾಸಿದೆ, ಸೋಸಿದೆ, ನಮ್ಮಲ್ಲಿದ್ದ ಎಲ್ಲ ರಾಸಾಯನಿಕಗಳನ್ನೂ ಹಾಕಿ ನೋಡಿದೆ. ಅದು ನೀರಾಗಿತ್ತು. ಒಂದು ಮಹಾ ವಂಚನೆಯನ್ನು ಪತ್ತೆ ಹಚ್ಚಿದವನ ಗಾಂಭೀರ್ಯದಲ್ಲಿ ದವಾಖಾನೆಗೆ ನಡೆದೆ.

"ಕಾಕಾ, ಆ ನೀರಿನಾಗ ಏನೂ ಇಲ್ರಿ. ಪರೀಕ್ಷಾ ಮಾಡೇನಿ."

ಕಾಕಾ ಬಾಟಲಿ ತೊಳೆಯುತ್ತಿದ್ದರು. "ಛಲೋ ಆತು ಬಿಡ್ರಿ. ಏನರ ಇದ್ದಿದ್ರ ಹೊಟ್ಟಿ ಕೆಡ್ತಿತ್ತು."

"ಮತ್ತ ಆಕಿ ಮಾರಿ ಮ್ಯಾಲೆ ಕಳಾ ಹೆಂಗ ಬಂತು?"

"ಮಾಸ್ತರ, ಅಲ್ಲೆ ಏನೈತಿ ಅಂತ ಪರೀಕ್ಷಾ ಮಾಡೀರಿ. ಏನಿಲ್ಲ ಅನ್ನೂದನ್ನ ನೋಡಲಿಲ್ಲ ನೀವು. ಅಲ್ಲೆ ಒಲಿ ಇಲ್ರಿ."

ಏನಾದರೂ ಹೇಳಬೇಕಲ್ಲ ಎಂದು, "ನಿಮ್ಮ ಮನಿಯವರನ್ನೂ ಕಳಿಸಿದ್ರೇನ್ರಿ?" ಎಂದು ಕೇಳಿಬಿಟ್ಟೆ. ಅವರು ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆಕಿ ಇದ್ದಾಗ ನನಗ ಈ ಔಷಧ ಗೊತ್ತಿದ್ದಿಲ್ರಿ."

ಹನ್ನೊಂದು ದಿನ ಮುಗಿಸಿ ಬಂದ ಹೆಂಡತಿಯನ್ನು ಅವ್ವ ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. ರೊಟ್ಟಿಯ ಖಾಲಿ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಆಮೇಲೂ ಮೂರು ತಿಂಗಳಿಗೊಮ್ಮೆ ಖಾಲಿ ಬಾಟಲಿ ಬರುತ್ತಿತ್ತು, ಅವ್ವ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಹಾಗೆ ಒಂದು ವರ್ಷ ಕಳೆದಿರಬೇಕು. ಕೆಮ್ಮಿನ ಔಷಧಕ್ಕೆಂದು ದವಾಖಾನೆಗೆ ಹೋದರೆ, ಒಳಗೆ ಬೆಂಚಿನ ಮೇಲೆ ಅವ್ವ. ತಲೆ ತುಂಬ ಸೆರಗು ಹೊದ್ದು, ನನಗೆ ಬೆನ್ನು ಮಾಡಿ ಕುಳಿತಿದ್ದಳು. ನಾನು ಬಾಗಿಲ ಆಚೆಯೇ ನಿಂತೆ.

"ಮುಂಜಾನೆ ಎಷ್ಟಕ್ಕ ಏಳ್ತೀರಿ ಅವ್ವಾರ?" ಎಂದು ಕಾಕಾ ಕೇಳುತ್ತಿದ್ದರು.

ಅವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಈ ಮಾತು ನನಗ ಇಲ್ಲೀತನಕ ಯಾರೂ ಕೇಳಿದ್ದಿಲ್ಲ ನೋಡ್ರಿ" ಎಂದಳು ಅವ್ವ.

ನಾನು ಕೆಮ್ಮು ತಡೆದುಕೊಂಡು ಹಿಂತಿರುಗಿದೆ. ಮುಂದಿನ ವಾರ ಅವ್ವ ಸೊಗಲಕ್ಕೆ ಹೋದಳು. ಅವಳಿಗೆ ರೊಟ್ಟಿ ಕಟ್ಟಿ ಕೊಟ್ಟದ್ದು ನನ್ನ ಹೆಂಡತಿ. ಮರುವರ್ಷ ನಮಗೆ ಮಗಳು ಹುಟ್ಟಿದಳು. ಇದಕ್ಕೂ ಅದಕ್ಕೂ ಸಂಬಂಧ ಕಲ್ಪಿಸಲು ಶಾಸ್ತ್ರ ಒಪ್ಪುವುದಿಲ್ಲ. ಅವ್ವ ಶಾಸ್ತ್ರವನ್ನು ಕೇಳಲಿಲ್ಲ. ಕೊನೆಯವರೆಗೂ, ಬಂದವರಿಗೆಲ್ಲ ಆ ನೀರಿನ ಮಹಿಮೆ ಹೇಳಿದಳು. ನಾನು ಪ್ರಯೋಗಶಾಲೆಯ ವರದಿಯನ್ನು ಮಂಡಿಸಲಿಲ್ಲ.

ಕಾಕಾ ತೀರಿಕೊಂಡಾಗ ನಾನು ಪರೀಕ್ಷೆಯ ಕೆಲಸಕ್ಕೆ ಬೇರೆ ಊರಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದವಾಖಾನೆಯ ಜಾಗದಲ್ಲಿ ಈಗ ಮೊಬೈಲು ರಿಪೇರಿ ಮಾಡುತ್ತಾರೆ. ನನ್ನ ಮನೆಯಲ್ಲಿ ನಾನು ಆಡಬೇಕಿದ್ದ ಮಾತನ್ನು ಅವರು ಒಂದು ಖಾಲಿ ಬಾಟಲಿಯಿಂದ ಆಡಿಸಿದ್ದರು. ಅದನ್ನು ಅವರೆದುರು ಒಮ್ಮೆ ಒಪ್ಪಿಕೊಳ್ಳಬೇಕಿತ್ತು... ನಾಳೆ ಹೇಳಿದರಾಯಿತು ಎಂದುಕೊಂಡೇ ವರ್ಷಗಳು ಹೋದವು.

ರೆಸಾರ್ಟಿನ ಕೋಣೆಯಲ್ಲಿ ಹೆಂಡತಿ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದಕ್ಕ ಕಚ್ಚಿಲ್ಲಲ್ರಿ" ಎಂದಳು. ನಾನು ನಿಯಮಗಳ ಹಾಳೆಯ ಅಂಚು ಹರಿದು, ಮಡಚಿ, ಅವಳ ಚೀಲದಲ್ಲಿದ್ದ ಕತ್ತರಿಯಿಂದ ಮೂರು ಕಚ್ಚು ಹಾಕಿದೆ. ಅಂಟು ಇರಲಿಲ್ಲ. ಬಾಟಲಿಯ ಹೊರಮೈಯ ತೇವಕ್ಕೇ ಪಟ್ಟಿ ಹಿಡಿದುಕೊಂಡಿತು.

"ಕಾಕಾನ ಕೈ ಇಷ್ಟು ಸೊಟ್ಟ ಇದ್ದಿದ್ದಿಲ್ಲ" ಎಂದಳು. ಮೂಗಿನಿಂದ ಆ ಸದ್ದು ಬಂತು.

ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾದರೂ ಅವಳು ಮನೆಯಲ್ಲಿ ಇಂದಿಗೂ ನಾಲ್ಕಕ್ಕೇ ಏಳುತ್ತಾಳೆ. ರೆಸಾರ್ಟಿನಲ್ಲಿ ಮರುದಿನ ಒಂಬತ್ತೂವರೆಗೆ ಎದ್ದಳು. ತಿಂಡಿಯ ವೇಳೆ ಮುಗಿದಿತ್ತು.